ರೋಗಾಣುವಿನ ಒಡಲಲ್ಲೊಂದು ವೈರಸ್!

ಮಳೆಗಾಲದ ಒಂದು ಸೋಮವಾರ. ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಅಜ್ಜಿಯೊಬ್ಬರು ಆರು ವರ್ಷದ ಮೊಮ್ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಜಗುಲಿಯ ಮೇಲೆ ಕಾಯುತ್ತಿದ್ದರು. ಹುಡುಗನಿಗೆ ಎರಡು ದಿನದಿಂದ ಹೊಟ್ಟೆನುಲಿತ, ಭೇದಿ. ಹಿಂದಿನ ರಾತ್ರಿಯಿಂದ ಮಲದಲ್ಲಿ ರಕ್ತ. ಅಜ್ಜಿಯ ಕೈಯಲ್ಲಿ ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್ ಇತ್ತು.

“ಹೋದ ವರ್ಷ ಇವರಪ್ಪಂಗೆ ಭೇದಿ ಆದಾಗ ಅಂಗಡಿಯಿಂದ ತಂದಿದ್ದು ಡಾಕ್ಟ್ರೇ. ಒಂದೇ ದಿನಕ್ಕೆ ನಿಂತಿತ್ತು. ಅದನ್ನೇ ಅರ್ಧರ್ಧ ಮಾಡಿ ಎರಡು ಸಲ ಕೊಟ್ವಿ. ರಕ್ತ ನಿಲ್ಲಲೇ ಇಲ್ಲ” ಎಂದರು.

ಸ್ಟ್ರಿಪ್ ನೋಡಿದೆ. ವೈದ್ಯರ ಚೀಟಿ ನೋಡಿಯೇ ಕೊಡಬೇಕಾದ, ಆದರೆ ಹಲವೆಡೆ ಬಾಯಲ್ಲಿ ಕೇಳಿದರೂ ಸಿಗುವ, ಎರಡು ಔಷಧಗಳನ್ನು ಬೆರೆಸಿ ಮಾಡಿದ ಮಾತ್ರೆ. ಅದರಲ್ಲೊಂದು ಕ್ವಿನೊಲೋನ್ ಗುಂಪಿನ ಆಂಟಿಬಯಾಟಿಕ್.

“ಕೇಳದೆ ಇದನ್ನು ಕೊಡಬಾರದಿತ್ತು ಅಜ್ಜೀ” ಎಂದೆ.

“ಹುಳ ಸಾಯಲಿ ಅಂತ ತಾನೇ ಕೊಟ್ಟಿದ್ದು? ಹುಳ ಸತ್ತರೆ ಒಳ್ಳೇದೇ ಅಲ್ವಾ?” ಎಂದು ಅವರು ನನ್ನನ್ನೇ ಕೇಳಿದರು.

ಪ್ರಶ್ನೆ ಅಲ್ಲಗಳೆಯುವಂಥದ್ದಲ್ಲ. ಓದು ಬರಹ ಬಲ್ಲ ಎಷ್ಟೋ ಮಂದಿಯ ಲೆಕ್ಕಾಚಾರವೂ ಇದೇ: ರೋಗಾಣು ಸತ್ತರೆ ರೋಗ ಹೋಯಿತು. ಬಹಳಷ್ಟು ಕಾಯಿಲೆಗಳಲ್ಲಿ ಈ ಲೆಕ್ಕ ಸರಿ. ಆದರೆ ಕೆಲವು ರೋಗಾಣುಗಳು ಸುಮ್ಮನೆ ಸಾಯುವುದಿಲ್ಲ. ಒಡೆದು, ವಿಷ ಚೆಲ್ಲಿ ಸಾಯುತ್ತವೆ. ಆ ವಿಷ ಅವುಗಳ ಸ್ವಂತದ್ದೂ ಅಲ್ಲ. ಅವುಗಳೊಳಗೆ ಅಡಗಿ ಕುಳಿತ ಒಂದು ವೈರಸ್ ತಂದದ್ದು! ಹೊರಗೆ ಸರದಿಯಲ್ಲಿ ಇಪ್ಪತ್ತು ಮಂದಿ ಕಾಯುತ್ತಿದ್ದರು. ಅಂದು ಇದನ್ನೆಲ್ಲ ವಿವರಿಸಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಬ್ಯಾಕ್ಟೀರಿಯಾಕ್ಕೂ ಸೋಂಕು!

ವೈರಸ್ ಎಂದೊಡನೆ ನಮಗೆ ನೆನಪಾಗುವುದು ನೆಗಡಿ, ದಡಾರ, ಡೆಂಗಿ, ಕೊರೊನಾ. ಆದರೆ ವೈರಸ್ ಸೋಂಕು ಮನುಷ್ಯನಿಗಷ್ಟೇ ತಗುಲುವುದಿಲ್ಲ. ದನಕರುಗಳಿಗೆ, ಕೋಳಿಗಳಿಗೆ, ಬಾಳೆ ಪಪ್ಪಾಯಿ ಗಿಡಗಳಿಗೂ ತಗುಲುತ್ತದೆ. ಅಷ್ಟೇ ಏಕೆ, ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳನ್ನೂ ಅದು ಬಿಡುವುದಿಲ್ಲ. ಒಂದು ಬ್ಯಾಕ್ಟೀರಿಯಾದ ಉದ್ದ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು. ಅದನ್ನು ಹಿಡಿಯುವ ವೈರಸ್ ಅದಕ್ಕಿಂತಲೂ ಹಲವು ಪಟ್ಟು ಚಿಕ್ಕದು.

ಇದರ ಮೊದಲ ಸುಳಿವು ಸಿಕ್ಕಿದ್ದು ನಮ್ಮ ದೇಶದಲ್ಲೇ. ಆಗ್ರಾದಲ್ಲಿ ಸರ್ಕಾರಿ ರಾಸಾಯನಿಕ ಪರೀಕ್ಷಕರಾಗಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಇಂಗ್ಲಿಷ್ ವಿಜ್ಞಾನಿ, ಗಂಗಾ ಯಮುನಾ ನದಿಗಳ ನೀರಿನಲ್ಲಿ ಕಾಲರಾ ರೋಗಾಣುಗಳನ್ನು ಕೊಲ್ಲುವ ಏನೋ ಒಂದು ಶಕ್ತಿ ಇದೆಯೆಂದು 1896ರಲ್ಲಿ ಬರೆದರು. ನೀರನ್ನು ಕುದಿಸಿದರೆ ಆ ಶಕ್ತಿ ಹೋಗುತ್ತಿತ್ತು. (ಇದನ್ನು ಓದಿ ನದಿ ನೀರನ್ನು ಹಾಗೆಯೇ ಕುಡಿಯಹೊರಡಬೇಡಿ. ಕೊಲ್ಲುವುದೂ ಕಾಯಿಲೆ ತರುವುದೂ ಎರಡೂ ಅದೇ ನೀರಿನಲ್ಲಿರುತ್ತವೆ!) ಮುಂದೆ 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ಡಿ’ಹೆರೆಲ್ ಇಂಥ ಅಗೋಚರ ಭಕ್ಷಕಗಳನ್ನು ಬೇರೆಬೇರೆಯಾಗಿ ಗುರುತಿಸಿದರು. ಡಿ’ಹೆರೆಲ್‌ಗೆ ಅವು ದೊರೆತದ್ದು ಆಮಶಂಕೆಯ ರೋಗಿಗಳ ಮಲದಲ್ಲಿ. ಬ್ಯಾಕ್ಟೀರಿಯಾವನ್ನು ತಿನ್ನುವಂಥದ್ದು ಎಂಬ ಅರ್ಥದಲ್ಲಿ ‘ಬ್ಯಾಕ್ಟೀರಿಯೊಫೇಜ್’ ಎಂದು ಹೆಸರಿಟ್ಟವರೂ ಅವರೇ. ಚಿಕ್ಕದಾಗಿ ‘ಫೇಜ್’ ಎನ್ನೋಣ.

ದರೋಡೆಕೋರ ಮತ್ತು ಬಾಡಿಗೆದಾರ

ಫೇಜ್‌ಗಳಲ್ಲಿ ಮುಖ್ಯವಾಗಿ ಎರಡು ಸ್ವಭಾವ. ಮೊದಲನೆಯದು ದರೋಡೆಕೋರನ ಜಾತಿ. ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ತನ್ನ ವಂಶವಾಹಿಗಳನ್ನು ಒಳಗೆ ನುಗ್ಗಿಸುತ್ತದೆ. ಒಳಗಿನ ಸಾಮಗ್ರಿಯನ್ನೆಲ್ಲ ಬಳಸಿಕೊಂಡು ತನ್ನಂಥವೇ ಹತ್ತಾರು, ನೂರಾರು ಮರಿಗಳನ್ನು ತಯಾರಿಸಿ, ಕೊನೆಗೆ ಬ್ಯಾಕ್ಟೀರಿಯಾವನ್ನು ಒಡೆದು ಹೊರಬರುತ್ತದೆ. ಎಷ್ಟೋ ಸಲ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

ಎರಡನೆಯದು ಬಾಡಿಗೆದಾರನ ಜಾತಿ. ಇದು ಒಳಗೆ ಹೊಕ್ಕರೂ ಕೊಲ್ಲುವುದಿಲ್ಲ. ತನ್ನ ವಂಶವಾಹಿಗಳನ್ನು ಬ್ಯಾಕ್ಟೀರಿಯಾದ ವಂಶವಾಹಿಗಳ ಸರಪಣಿಯಲ್ಲೇ ಸೇರಿಸಿ ಸದ್ದಿಲ್ಲದೆ ಬಿಡಾರ ಹೂಡುತ್ತದೆ. ಬ್ಯಾಕ್ಟೀರಿಯಾ ಒಂದು ಎರಡಾದಾಗ, ಎರಡು ನಾಲ್ಕಾದಾಗ, ಒಳಗಿನ ಫೇಜ್ ಕೂಡ ಪ್ರತಿ ಮರಿಯೊಡನೆಯೂ ಹಂಚಿಕೆಯಾಗುತ್ತ ಹೋಗುತ್ತದೆ.

ಈ ಬಾಡಿಗೆದಾರ ಬರಿಗೈಯಲ್ಲಿ ಬರುವುದಿಲ್ಲ ಎಂಬುದೇ ನಮ್ಮ ಕಥೆಯ ತಿರುಳು. ಕೆಲವು ಫೇಜ್‌ಗಳ ಗಂಟಿನಲ್ಲಿ ಭಯಂಕರ ವಿಷ ತಯಾರಿಸುವ ವಂಶವಾಹಿಯೂ ಇರುತ್ತದೆ. ಅಂಥ ಬಾಡಿಗೆದಾರ ಸೇರಿಕೊಂಡ ಮೇಲೆ ನಿನ್ನೆಯವರೆಗೆ ಸಾಧುವಾಗಿದ್ದ ಬ್ಯಾಕ್ಟೀರಿಯಾ ಇಂದು ಕೊಲೆಗಡುಕನಾಗುತ್ತದೆ.

ಗಂಟಲಮಾರಿಯ ಗುಟ್ಟು

ಹಳಬರಿಗೆ ಗಂಟಲಮಾರಿ ಎಂಬ ಹೆಸರು ನೆನಪಿರಬಹುದು. ಡಿಫ್ತೀರಿಯಾ. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಮಕ್ಕಳ ಉಸಿರು ಕಟ್ಟಿಸುತ್ತಿದ್ದ ಕಾಯಿಲೆ. ಉಸಿರು ಉಳಿದರೂ ಕೆಲವರಿಗೆ ಹೃದಯ ಸೋಲುತ್ತಿತ್ತು, ನರಗಳು ಸೋಲುತ್ತಿದ್ದವು. ಬ್ಯಾಕ್ಟೀರಿಯಾ ಕೂತದ್ದು ಗಂಟಲಲ್ಲಿ, ಹೃದಯಕ್ಕೇಕೆ ಪೆಟ್ಟು? ರಕ್ತದಲ್ಲಿ ಹರಿದ ವಿಷದಿಂದ.

1951ರಲ್ಲಿ ಅಮೆರಿಕದ ವಿಕ್ಟರ್ ಫ್ರೀಮನ್ ಒಂದು ವಿಚಿತ್ರವನ್ನು ಕಂಡರು. ವಿಷ ತಯಾರಿಸದ, ನಿರಪಾಯಕಾರಿ ಡಿಫ್ತೀರಿಯಾ ಬ್ಯಾಕ್ಟೀರಿಯಾಗಳಿಗೆ ಒಂದು ಫೇಜ್ ತಗುಲಿಸಿದಾಗ ಅವು ವಿಷ ತಯಾರಿಸತೊಡಗಿದವು. ವಿಷದ ವಂಶವಾಹಿ ಇದ್ದದ್ದು ಫೇಜ್‌ನಲ್ಲಿ ಎಂಬುದು ಆಮೇಲಿನ ಸಂಶೋಧನೆಗಳಿಂದ ದೃಢವಾಯಿತು.

ನಮ್ಮ ಮಕ್ಕಳಿಗೆ ಹಾಕಿಸುವ ಡಿಫ್ತೀರಿಯಾ ಲಸಿಕೆ ಏನು ಮಾಡುತ್ತದೆ ಗೊತ್ತೆ? ಅದು ಬ್ಯಾಕ್ಟೀರಿಯಾದ ವಿರುದ್ಧ ಅಲ್ಲ, ಈ ವಿಷದ ವಿರುದ್ಧವೇ ದೇಹವನ್ನು ತಯಾರು ಮಾಡುತ್ತದೆ. ಅಂದರೆ ಬಾಡಿಗೆದಾರ ತಂದ ಆಯುಧವನ್ನು ಮೊಂಡು ಮಾಡುತ್ತದೆ. ರೋಗ ಬಂದ ಮೇಲೆ ಆಂಟಿಬಯಾಟಿಕ್ ಒಂದೇ ಸಾಲದು. ಅದು ಬ್ಯಾಕ್ಟೀರಿಯಾವನ್ನು ಕೊಂದೀತು. ಆಗಲೇ ಹರಿದ ವಿಷವನ್ನು ಹಿಂದಕ್ಕೆ ಕರೆಯಲಾರದು. ಅದಕ್ಕೆ ವಿಷನಾಶಕ ಸೀರಮ್ಮೇ ಬೇಕು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಾಲರಾದ ಕಥೆ

ಕಾಲರಾ ರೋಗಿಯ ದೇಹದಿಂದ ನೀರು ಕೊಡಗಟ್ಟಲೆ ಹರಿದುಹೋಗಲು ಕಾರಣ ಒಂದು ವಿಷ ಎಂಬುದನ್ನು 1959ರಲ್ಲಿ ಪ್ರಯೋಗದಿಂದ ತೋರಿಸಿದವರು ಕಲ್ಕತ್ತದ ಡಾ. ಶಂಭುನಾಥ್ ಡೇ. ವೈದ್ಯವಿಜ್ಞಾನಕ್ಕೆ ಭಾರತೀಯರೊಬ್ಬರು ನೀಡಿದ ದೊಡ್ಡ ಕೊಡುಗೆಗಳಲ್ಲಿ ಇದೂ ಒಂದು. ಆದರೆ ವಿಷದ ವಂಶವಾಹಿ ಬ್ಯಾಕ್ಟೀರಿಯಾಕ್ಕೆ ಎಲ್ಲಿಂದ ಬಂತು ಎಂದು ತಿಳಿಯಲು ಇನ್ನೂ 37 ವರ್ಷ ಕಾಯಬೇಕಾಯಿತು. 1996ರಲ್ಲಿ ಅಮೆರಿಕದ ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೊಸ್ ಅದನ್ನು ಹೊತ್ತು ತಂದದ್ದು ಎಳೆಯಂತಿರುವ ಒಂದು ಫೇಜ್ ಎಂದು ಕಂಡುಹಿಡಿದರು. ಆ ಫೇಜ್ ಬ್ಯಾಕ್ಟೀರಿಯಾದೊಳಗೆ ಹೋಗಲು ಬಳಸುವ ಬಾಗಿಲು ಒಂದು ಬಗೆಯ ಕೂದಲೆಳೆ. ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ ನೆಲೆಯೂರಲು ಉಪಯೋಗಿಸುವುದೂ ಅದೇ ಎಳೆಯನ್ನು! ಇಲಿಗಳ ಕರುಳಿನಲ್ಲಿ ಒಂದು ಬ್ಯಾಕ್ಟೀರಿಯಾದಿಂದ ಮತ್ತೊಂದಕ್ಕೆ ಈ ಫೇಜ್ ಸಲೀಸಾಗಿ ಹರಡಿದ್ದನ್ನೂ ಅವರು ತೋರಿಸಿದರು.

ಕೆರೆ, ಅಳಿವೆಗಳ ನೀರಿನಲ್ಲಿ ಈ ಫೇಜ್ ಇಲ್ಲದ ಕಾಲರಾ ಜಾತಿಯ ಬ್ಯಾಕ್ಟೀರಿಯಾಗಳು ಬೇಕಾದಷ್ಟಿವೆ. ಅವು ಊರಿಗೆ ಊರನ್ನೇ ಮಲಗಿಸುವ ಕಾಲರಾ ತರುವುದಿಲ್ಲ.

ಎರಡು ಬೇರೆ ಬೇರೆ ಗಂಟುಗಳು

ಈಗ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ವಿಷಯಕ್ಕೆ ಬರೋಣ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ನಿಮಗೆ ಗೊತ್ತು. ಔಷಧ ಕೊಟ್ಟಾಗ ಅದಕ್ಕೆ ಜಗ್ಗುವ ಬ್ಯಾಕ್ಟೀರಿಯಾಗಳೆಲ್ಲ ಸತ್ತು, ಜಗ್ಗದ ನಾಲ್ಕು ಉಳಿದರೆ ಆ ನಾಲ್ಕೇ ಬೆಳೆದು ಕೋಟಿಯಾಗುತ್ತವೆ. ಔಷಧವನ್ನು ಬೇಕಿಲ್ಲದಾಗ ನುಂಗಿದಷ್ಟೂ, ಅರ್ಧಕ್ಕೆ ಬಿಟ್ಟಷ್ಟೂ ಇಂಥ ಗೌಡರ ಸಂಖ್ಯೆ ಹೆಚ್ಚುತ್ತದೆ.

ಆದರೆ ಒಂದು ತಪ್ಪು ತಿಳಿವಳಿಕೆ ಬೇಡ. ಔಷಧಕ್ಕೆ ಬಗ್ಗದಿರುವುದು ಬೇರೆ, ಉಗ್ರವಾಗಿರುವುದು ಬೇರೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನಿಮ್ಮ ಕರುಳಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ವರ್ಷಗಟ್ಟಲೆ ಇರಬಹುದು. ಉಗ್ರವಾದ ಬ್ಯಾಕ್ಟೀರಿಯಾ ಸಾಧಾರಣ ಪೆನಿಸಿಲಿನ್ನಿಗೇ ಸಾಯಬಹುದು. ಇವು ಎರಡು ಬೇರೆ ಬೇರೆ ಗಂಟುಗಳು. ಔಷಧ ತಡೆಯುವ ಗಂಟನ್ನು ಹೆಚ್ಚಾಗಿ ಒಂದರಿಂದ ಒಂದಕ್ಕೆ ದಾಟಿಸುವುದು ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದಂಥ ವಂಶವಾಹಿಯ ತುಣುಕು. ವಿಷದ ಗಂಟನ್ನು ಎಷ್ಟೋ ಸಲ ತರುವುದು ಫೇಜ್. ಅಪಾಯ ಇರುವುದು ಎರಡೂ ಗಂಟು ಒಂದೇ ಬ್ಯಾಕ್ಟೀರಿಯಾದ ಹೆಗಲೇರಿದಾಗ.

ಹಾಗೆ ಆದದ್ದುಂಟು, ನಮ್ಮ ಪಕ್ಕದ ಊರಿನಲ್ಲೇ. 1992ರ ಕೊನೆಯಲ್ಲಿ ಮದ್ರಾಸಿನಲ್ಲಿ ಒ139 ಎಂಬ ಹೊಸ ತಳಿಯ ಕಾಲರಾ ಕಾಣಿಸಿಕೊಂಡು ಬಂಗಾಳ, ಬಾಂಗ್ಲಾದೇಶಗಳಿಗೂ ಹಬ್ಬಿತು. ಅದರಲ್ಲಿ ವಿಷದ ಫೇಜೂ ಇತ್ತು. ಜೊತೆಗೆ ಸಲ್ಫಾ, ಟ್ರೈಮೆಥೊಪ್ರಿಮ್, ಸ್ಟ್ರೆಪ್ಟೊಮೈಸಿನ್‌ಗಳನ್ನು ತಡೆಯುವ ಇನ್ನೊಂದು ವಂಶವಾಹಿ ಗಂಟೂ ಇತ್ತು.

ಜರ್ಮನಿಯ ಮೆಂತ್ಯದ ಮೊಳಕೆ

ಇದಕ್ಕಿಂತ ಕಣ್ಣು ತೆರೆಸುವ ಘಟನೆ ನಡೆದದ್ದು ಜರ್ಮನಿಯಲ್ಲಿ. 2011ರ ಮೇ ತಿಂಗಳಲ್ಲಿ ಹ್ಯಾಂಬರ್ಗ್ ನಗರ ಮತ್ತು ಸುತ್ತಲಿನ ಪ್ರದೇಶದ ಆಸ್ಪತ್ರೆಗಳಿಗೆ ರಕ್ತಭೇದಿಯ ರೋಗಿಗಳು ಸಾಲುಗಟ್ಟಿ ಬಂದರು. ಬಹುಪಾಲು ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದ ವಯಸ್ಕರು, ಅದರಲ್ಲೂ ಹೆಂಗಸರು. ಕೆಲವು ದಿನಗಳಲ್ಲೇ ಅವರಲ್ಲಿ ಹಲವರಿಗೆ ಮೂತ್ರ ಕಟ್ಟಿತು, ರಕ್ತಕಣಗಳು ಒಡೆದುಹೋದವು, ಕೆಲವರಿಗೆ ಫಿಟ್ಸ್ ಬಂತು. ಜುಲೈ ಕೊನೆಗೆ ಪಿಡುಗು ಮುಗಿಯಿತೆಂದು ಸಾರುವ ಹೊತ್ತಿಗೆ 3,800ರಷ್ಟು ಜನ ಕಾಯಿಲೆ ಬಿದ್ದಿದ್ದರು. ಅವರಲ್ಲಿ 800ಕ್ಕೂ ಹೆಚ್ಚು ಮಂದಿಗೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. 50ಕ್ಕೂ ಹೆಚ್ಚು ಜನ ಸತ್ತರು.

ಮೊದಲು ಅನುಮಾನ ಬಿದ್ದದ್ದು ಸ್ಪೇನಿನ ಸೌತೆಕಾಯಿಯ ಮೇಲೆ. ಪಾಪ, ಅದು ನಿರಪರಾಧಿ. ಕೊನೆಗೆ ಜಾಡು ಹೋಗಿ ಮುಟ್ಟಿದ್ದು ಒಂದು ಮೊಳಕೆ ತೋಟಕ್ಕೆ, ಅಲ್ಲಿಂದ ಈಜಿಪ್ಟಿನಿಂದ ಆಮದಾದ ಮೆಂತ್ಯದ ಕಾಳಿಗೆ. ಸಲಾಡಿನಲ್ಲಿ ಹಸಿಯಾಗಿ ತಿಂದ ಮೊಳಕೆಯೇ ಕಾರಣವಾಗಿತ್ತು.

ಆ ಬ್ಯಾಕ್ಟೀರಿಯಾ ಇ. ಕೋಲೈ ಜಾತಿಯದು. ನಮ್ಮೆಲ್ಲರ ಕರುಳಿನಲ್ಲೂ ಇರುವ ಜಾತಿ. ಆದರೆ ಈ ತಳಿಯ ಚರಿತ್ರೆ ಬಿಡಿಸಿದಾಗ ವಿಜ್ಞಾನಿಗಳು ಬೆರಗಾದರು. ಮೂಲದಲ್ಲಿ ಅದು ಕರುಳಿನ ಗೋಡೆಗೆ ಇಟ್ಟಿಗೆ ಪೇರಿಸಿದಂತೆ ಅಂಟಿಕೊಂಡು, ಬಹುಕಾಲ ಎಳೆಯುವ ಭೇದಿ ತರುವ ತಳಿ. ಅದರೊಳಗೆ ಎಲ್ಲೋ ಒಂದು ಕಡೆ ‘ಶಿಗಾ ವಿಷ’ದ ವಂಶವಾಹಿ ಹೊತ್ತ ಫೇಜ್ ಬಿಡಾರ ಹೂಡಿತ್ತು. ಸಾಲದೆಂಬಂತೆ ಹೊಸ ತಲೆಮಾರಿನ ಸೆಫಲೊಸ್ಪೊರಿನ್ ಇಂಜೆಕ್ಷನ್‌ಗಳನ್ನೂ ನಿರುಪಯೋಗಿ ಮಾಡುವ ಪ್ಲಾಸ್ಮಿಡ್ ಕೂಡ ಸೇರಿತ್ತು. ಅಂಟುವ ಗುಣ, ವಿಷ, ಔಷಧ ನಿರೋಧ ಮೂರೂ ಒಂದೇ ಕಡೆ ಕೂಡಿದ್ದವು.

ಶಿಗಾ ವಿಷ ಎಂಬ ಹೆಸರು ಬಂದದ್ದು 1897ರಲ್ಲಿ ಆಮಶಂಕೆಯ ರೋಗಾಣುವನ್ನು ಕಂಡುಹಿಡಿದ ಜಪಾನಿನ ಕಿಯೋಷಿ ಶಿಗಾ ಅವರಿಂದ. ಈ ವಿಷ ಸಣ್ಣ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆ. ಕರುಳಿನಲ್ಲಿ ರಕ್ತ ಜಿನುಗುವುದೂ, ಮೂತ್ರಪಿಂಡಗಳ ಸೋಸುವ ಜಾಲರಿ ಕಟ್ಟಿಕೊಳ್ಳುವುದೂ ಇದರಿಂದಲೇ.

ಒಳಗೆ ಬಾರಿಸುವ ಅಪಾಯದ ಗಂಟೆ

ಅಜ್ಜಿಯ ಪ್ರಶ್ನೆಗೆ ಈಗ ಉತ್ತರ ಕೊಡಬಹುದು.

ಶಿಗಾ ವಿಷದ ಫೇಜ್ ಹೊತ್ತ ಇ. ಕೋಲೈ, ಸುಮ್ಮನಿರುವಾಗ ಹೆಚ್ಚು ವಿಷವನ್ನು ತಯಾರಿಸುವುದಿಲ್ಲ. ವಿಷದ ವಂಶವಾಹಿ ಬಾಡಿಗೆದಾರನ ಜೊತೆ ನಿದ್ರೆಯಲ್ಲಿರುತ್ತದೆ. ಬ್ಯಾಕ್ಟೀರಿಯಾದ ಡಿಎನ್‌ಎ, ಅಂದರೆ ವಂಶವಾಹಿಗಳ ಸರಪಣಿ, ಎಲ್ಲಾದರೂ ಕಡಿದುಹೋದರೆ ಒಳಗೆ ಒಂದು ಅಪಾಯದ ಗಂಟೆ ಬಾರಿಸುತ್ತದೆ. ಬ್ಯಾಕ್ಟೀರಿಯಾಕ್ಕೆ ಅದು ‘ರಿಪೇರಿ ಮಾಡಿಕೋ’ ಎಂಬ ಸೂಚನೆ. ಆದರೆ ಬಾಡಿಗೆದಾರನೂ ಅದೇ ಗಂಟೆಯನ್ನು ಕೇಳಿಸಿಕೊಳ್ಳುತ್ತಾನೆ. ಮನೆಗೆ ಬೆಂಕಿ ಬಿದ್ದಿದೆ, ಇನ್ನು ಇಲ್ಲಿ ಇರಬಾರದು ಎಂದು ಎಚ್ಚೆತ್ತು ದರೋಡೆಕೋರನ ವೇಷ ತಾಳುತ್ತಾನೆ. ಫೇಜ್ ತನ್ನ ಮರಿಗಳನ್ನು ಮಾಡತೊಡಗಿದಂತೆ ವಿಷದ ವಂಶವಾಹಿಯ ಪ್ರತಿಗಳೂ ಹೆಚ್ಚುತ್ತವೆ, ವಿಷವೂ ಹೆಚ್ಚುತ್ತದೆ. ಕೊನೆಗೆ ಬ್ಯಾಕ್ಟೀರಿಯಾ ಬಿರಿದು ಅಷ್ಟೂ ವಿಷ ಕರುಳಿಗೆ ಚೆಲ್ಲುತ್ತದೆ.

ಡಿಎನ್‌ಎ ಕಡಿಯುವ ಕೆಲಸ ಮಾಡುವ ಔಷಧಗಳಲ್ಲಿ ಮುಂಚೂಣಿಯಲ್ಲಿರುವುದು ಸಿಪ್ರೊಫ್ಲಾಕ್ಸಸಿನ್‌ನಂಥ ಕ್ವಿನೊಲೋನ್‌ಗಳು. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಂಥ ಇ. ಕೋಲೈ ಕೊಟ್ಟ ಇಲಿಗಳಿಗೆ ಸಿಪ್ರೊಫ್ಲಾಕ್ಸಸಿನ್ ಕೊಟ್ಟರು. ಮಲದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಇಳಿಯಿತು. ಆದರೆ ವಿಷ ಏರಿತು, ಇಲಿಗಳು ಸತ್ತವು! ಫಾಸ್ಫೊಮೈಸಿನ್ ಎಂಬ ಬೇರೆ ಬಗೆಯ ಔಷಧ ಕೊಟ್ಟ ಇಲಿಗಳಲ್ಲಿ ಹೀಗಾಗಲಿಲ್ಲ.

ಅದೇ ವರ್ಷ ಅಮೆರಿಕದಲ್ಲಿ ಒ157 ಎಂಬ ತಳಿಯ ಇ. ಕೋಲೈ ಭೇದಿ ಬಂದ 71 ಮಕ್ಕಳ ಅಧ್ಯಯನವೂ ಪ್ರಕಟವಾಯಿತು. ಆಂಟಿಬಯಾಟಿಕ್ ಪಡೆದ 9 ಮಕ್ಕಳಲ್ಲಿ 5 ಮಕ್ಕಳಿಗೆ ಮೂತ್ರಪಿಂಡ ಕೆಟ್ಟಿತು. ಪಡೆಯದ 62 ಮಕ್ಕಳಲ್ಲಿ ಕೆಟ್ಟದ್ದೂ 5 ಮಕ್ಕಳಿಗೆ ಮಾತ್ರ. ಇದು ಚಿಕ್ಕ ಅಧ್ಯಯನ. ಆಮೇಲೆ ಬಂದ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ, ಎಲ್ಲ ಆಂಟಿಬಯಾಟಿಕ್‌ಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಜರ್ಮನಿಯ ಪಿಡುಗಿನಲ್ಲೇ ಅಜಿಥ್ರೊಮೈಸಿನ್ ಪಡೆದ ರೋಗಿಗಳ ಮಲದಿಂದ ಬ್ಯಾಕ್ಟೀರಿಯಾ ಬೇಗ ಮಾಯವಾದದ್ದುಂಟು. ಆದರೂ ಶಿಗಾ ವಿಷದ ಇ. ಕೋಲೈ ಎಂದು ಖಚಿತವಾದ ಮಗುವಿಗೆ ಆಂಟಿಬಯಾಟಿಕ್ ಕೊಡದಿರುವುದೇ ಕ್ಷೇಮ ಎಂಬುದು ಇಂದು ವೈದ್ಯರ ಸಾಮಾನ್ಯ ನಿಲುವು.

ಗಂಟೆಯ ಕಥೆ ಇಲ್ಲಿಗೇ ಮುಗಿಯಲಿಲ್ಲ. ಮದ್ರಾಸಿನ ಕಾಲರಾ ತಳಿಯಲ್ಲಿದ್ದ ಔಷಧ ನಿರೋಧದ ಗಂಟನ್ನು ಹೇಳಿದೆನಲ್ಲ, ಅದೂ ಇದೇ ಗಂಟೆಗೆ ಕಿವಿಗೊಡುತ್ತದೆ ಎಂದು 2004ರಲ್ಲಿ ವಾಲ್ಡರ್ ಅವರ ತಂಡ ತೋರಿಸಿತು. ಸಿಪ್ರೊಫ್ಲಾಕ್ಸಸಿನ್ ಸೋಕಿದಾಗ ಆ ಗಂಟು ಎದ್ದು ಪಕ್ಕದ ಬ್ಯಾಕ್ಟೀರಿಯಾಗಳಿಗೆ ಇನ್ನೂ ಹೆಚ್ಚಾಗಿ ದಾಟಿಕೊಂಡಿತು. ಬೇಡವಾದ ಕಡೆ ಬಳಸಿದ ಔಷಧ ವಿಷವನ್ನೂ ಎಬ್ಬಿಸಬಹುದು, ನಿರೋಧವನ್ನೂ ಹಂಚಬಹುದು.

ಹಾಗಾದರೆ ರಕ್ತಭೇದಿಗೆ ಆಂಟಿಬಯಾಟಿಕ್ಕೇ ಬೇಡವೇ?

ದಯವಿಟ್ಟು ಹಾಗೆಂದು ತೀರ್ಮಾನಿಸಬೇಡಿ. ನಮ್ಮ ದೇಶದಲ್ಲಿ ಮಕ್ಕಳಿಗೆ ರಕ್ತಭೇದಿ ಬಂದಾಗ ವೈದ್ಯರು ಮೊದಲು ಅನುಮಾನಿಸುವುದು ಶಿಗೆಲ್ಲಾ ಆಮಶಂಕೆಯನ್ನು. ಪಾಶ್ಚಾತ್ಯ ದೇಶಗಳ ಆ ಇ. ಕೋಲೈ ಇಲ್ಲಿ ವಿರಳ. ಶಿಗೆಲ್ಲಾಕ್ಕೆ ಸರಿಯಾದ ಆಂಟಿಬಯಾಟಿಕ್ ಬೇಕು, ಬೇಗನೆ ಬೇಕು.

ಇಲ್ಲೂ ಒಂದು ಸೋಜಿಗ ನೋಡಿ. ಶಿಗೆಲ್ಲಾದ ಅತಿ ಉಗ್ರ ತಳಿಯೂ ತಯಾರಿಸುವುದು ಇದೇ ಶಿಗಾ ವಿಷವನ್ನು. ಅದೂ ಯಾವುದೋ ಕಾಲದಲ್ಲಿ ಫೇಜ್ ತಂದುಕೊಟ್ಟದ್ದೇ. ಆದರೆ ಆ ಬಾಡಿಗೆದಾರ ಈಗ ಕೈಕಾಲು ಮುರಿದುಕೊಂಡವನು. ಗಂಟೆ ಬಾರಿಸಿದರೂ ಎದ್ದು ಹೊರಬರಲಾರ. ಹಾಗಾಗಿ ಅಲ್ಲಿ ಆಂಟಿಬಯಾಟಿಕ್ ಕೊಟ್ಟರೆ ವಿಷ ಉಕ್ಕುವ ಭಯವಿಲ್ಲ. ಬೇಗ ಕೊಟ್ಟರೆ ಜೀವ ಉಳಿಯುತ್ತದೆ. ಒಂದೇ ವಿಷ, ಒಂದೇ ಲಕ್ಷಣ, ಚಿಕಿತ್ಸೆ ಮಾತ್ರ ಬೇರೆ.

ಇದರ ಮೇಲೆ ಇನ್ನೊಂದು ತೊಡಕು. ಶಿಗೆಲ್ಲಾಗಳಲ್ಲಿ ಬಹಳಷ್ಟು ಈಗ ಸಿಪ್ರೊಫ್ಲಾಕ್ಸಸಿನ್‌ನಂಥ ಮಾತ್ರೆಗಳಿಗೆ ಜಗ್ಗುವುದಿಲ್ಲ. ಹಾಗಾಗಿ ಕಳೆದ ವರ್ಷ ಅಪ್ಪನಿಗೆ ಕೆಲಸ ಮಾಡಿದ ಮಾತ್ರೆ ಈ ವರ್ಷ ಮಗನಿಗೆ ಕೆಲಸ ಮಾಡೀತೆಂಬ ಭರವಸೆ ಇಲ್ಲ. ಅಪ್ಪನಿಗೆ ಬಂದದ್ದು ತಾನಾಗಿ ನಿಲ್ಲುವ ವೈರಸ್ ಭೇದಿಯೂ ಆಗಿರಬಹುದು. ಹೆಸರು ಬಂದದ್ದು ಮಾತ್ರ ಮಾತ್ರೆಗೆ! ಯಾವ ಭೇದಿಗೆ ಆಂಟಿಬಯಾಟಿಕ್ ಬೇಕು, ಬೇಕಾದರೆ ಯಾವುದು ಎಂಬುದನ್ನು ರೋಗಿಯನ್ನು ನೋಡಿ, ಅಗತ್ಯ ಬಿದ್ದರೆ ಮಲಪರೀಕ್ಷೆ ಮಾಡಿಸಿ ವೈದ್ಯರು ನಿರ್ಧರಿಸಬೇಕು. ಔಷಧ ಶುರುವಾಗುವ ಮೊದಲೇ ಮಲದ ಮಾದರಿ ಕೊಟ್ಟರೆ ಪರೀಕ್ಷೆಯಿಂದ ಹೆಚ್ಚು ಪ್ರಯೋಜನ.

ಮುಳ್ಳಿನಿಂದ ಮುಳ್ಳು

ಫೇಜ್‌ಗಳೆಂದರೆ ಬರೀ ಕೇಡೇ ಎಂದುಕೊಳ್ಳಬೇಡಿ. ಬಾಡಿಗೆದಾರನ ಜಾತಿ ಬ್ಯಾಕ್ಟೀರಿಯಾಕ್ಕೆ ಆಯುಧ ಕೊಟ್ಟರೆ, ದರೋಡೆಕೋರನ ಜಾತಿ ಅದೇ ಬ್ಯಾಕ್ಟೀರಿಯಾದಿಂದ ಆಯುಧ ಕೆಳಗಿಡಿಸಬಲ್ಲದು.

ಫೇಜ್‌ನಿಂದ ಪಾರಾಗಲು ಬ್ಯಾಕ್ಟೀರಿಯಾ ಅದು ಬರುವ ಬಾಗಿಲನ್ನೇ ಮುಚ್ಚಿಕೊಳ್ಳುತ್ತದೆ. ಆದರೆ ಆ ಬಾಗಿಲು ಬೇರೆ ಕೆಲಸಕ್ಕೂ ಬೇಕಾದದ್ದಾಗಿರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2016ರಲ್ಲಿ ವರದಿ ಮಾಡಿದ ಫೇಜ್ ಒಂದಿದೆ. ಆಸ್ಪತ್ರೆಗಳಲ್ಲಿ ಕಾಡುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ತನ್ನೊಳಗೆ ಬಂದ ಔಷಧವನ್ನು ಹೊರಗೆಸೆಯಲು ಒಂದು ಪಂಪು ಇಟ್ಟುಕೊಂಡಿರುತ್ತದೆ. ಈ ಫೇಜ್ ಒಳಹೋಗುವುದು ಆ ಪಂಪಿನ ಮೂಲಕವೇ. ಪಂಪು ಇಟ್ಟುಕೊಂಡರೆ ಫೇಜ್ ಕೊಲ್ಲುತ್ತದೆ. ಪಂಪು ಕೆಡಿಸಿಕೊಂಡರೆ ಹಳೆಯ ಆಂಟಿಬಯಾಟಿಕ್ಕೇ ಮತ್ತೆ ಕೊಲ್ಲುತ್ತದೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು 2021ರಲ್ಲಿ ತೀವ್ರ ನಿಗಾ ಘಟಕಗಳ ಪೀಡೆಯಾದ ಅಸಿನೆಟೊಬ್ಯಾಕ್ಟರ್ ಬಗ್ಗೆ ಇಂಥದ್ದೇ ಸಂಗತಿ ತಿಳಿಸಿದರು. ಅದು ಫೇಜ್‌ಗೆ ಹೆದರಿ ತನ್ನ ಮೇಲುಹೊದಿಕೆಯನ್ನು ಕಳಚಿ ಹಾಕಿತು. ಹೊದಿಕೆ ಕಳೆದುಕೊಂಡ ಬ್ಯಾಕ್ಟೀರಿಯಾದ ಉಗ್ರತೆ ಇಳಿಯಿತು, ಕೆಲವು ಆಂಟಿಬಯಾಟಿಕ್‌ಗಳಿಗೂ ಅದು ಮತ್ತೆ ಬಗ್ಗತೊಡಗಿತು.

ಫೇಜ್‌ಗಳನ್ನು ಔಷಧವಾಗಿ ಬಳಸುವ ಪ್ರಯತ್ನ ಡಿ’ಹೆರೆಲ್ ಕಾಲದಿಂದಲೂ ಇದೆ. ಕಾಲರಾ ಚಿಕಿತ್ಸೆಗೆಂದು ಅವರು 1927ರಲ್ಲಿ ಭಾರತಕ್ಕೂ ಬಂದಿದ್ದರು. ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ 1923ರಲ್ಲಿ ಶುರುವಾದ ಎಲಿಯಾವ ಸಂಸ್ಥೆ ಈ ಕೆಲಸಕ್ಕೆ ಹೆಸರಾಗಿದೆ. ಚಿಕಿತ್ಸೆಗೆ ಆರಿಸಿಕೊಳ್ಳುವುದು ದರೋಡೆಕೋರ ಜಾತಿಯನ್ನು ಮಾತ್ರ. ಅದರಲ್ಲಿ ವಿಷದ ವಂಶವಾಹಿಯಾಗಲಿ, ಔಷಧ ತಡೆಯುವ ವಂಶವಾಹಿಯಾಗಲಿ ಇಲ್ಲವೆಂದು ಮೊದಲೇ ಪರೀಕ್ಷಿಸಬೇಕು. ಇಲ್ಲದಿದ್ದರೆ ಮುಳ್ಳು ತೆಗೆಯಹೋಗಿ ಇನ್ನೊಂದು ಮುಳ್ಳು ಚುಚ್ಚಿಕೊಂಡಂತೆ. ಬೇರೆಲ್ಲ ಔಷಧ ಸೋತ ರೋಗಿಗಳಲ್ಲಿ ಇದನ್ನು ಬಳಸಿ ಗೆದ್ದ ವರದಿಗಳಿವೆ. ಆದರೆ ಇದಿನ್ನೂ ನಮ್ಮಲ್ಲಿ ವಾಡಿಕೆಯ ಚಿಕಿತ್ಸೆಯಲ್ಲ.

ಮನೆಯಲ್ಲಿ ನೆನಪಿಡಬೇಕಾದ್ದು

* ಭೇದಿ ಯಾವುದೇ ಇರಲಿ, ಮೊದಲ ಔಷಧ ನೀರು. ಓಆರ್‌ಎಸ್ ಪುಡಿ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದ ಅಳತೆಯಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವೇ ಕುಡಿಸಿ. ಗಂಜಿ, ಮಜ್ಜಿಗೆ ಕೊಡಬಹುದು. ಎದೆಹಾಲು ನಿಲ್ಲಿಸಬೇಡಿ. ಮಕ್ಕಳಿಗೆ ಜಿಂಕ್ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ.

* ಮಲದಲ್ಲಿ ರಕ್ತ ಕಂಡರೆ ಅಂದೇ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಕೊಡಬೇಡಿ. ಭೇದಿಯನ್ನು ಕಟ್ಟಿಸುವ ಮಾತ್ರೆಯಂತೂ ಬೇಡವೇ ಬೇಡ. ಹೊರಗೆ ಹೋಗಬೇಕಾದ ವಿಷ ಒಳಗೇ ಉಳಿಯುತ್ತದೆ.

* ಭೇದಿ ಕಡಿಮೆಯಾಗುತ್ತಿದ್ದರೂ ಒಂದು ವಾರದ ಆಸುಪಾಸಿನಲ್ಲಿ ಮಗು ಬಿಳಿಚಿಕೊಂಡರೆ, ಮೂತ್ರ ಕಡಿಮೆಯಾದರೆ, ಮುಖ ಊದಿದರೆ, ಮಂಕಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು.

* ವೈದ್ಯರು ಬರೆದ ಆಂಟಿಬಯಾಟಿಕ್ ಅನ್ನು ಹೇಳಿದಷ್ಟು ದಿನ ಕೊಡಿ. ಉಳಿದದ್ದನ್ನು ಮುಂದಿನ ಸಲಕ್ಕೆಂದು ಡಬ್ಬಿಯಲ್ಲಿ ಕೂಡಿಡಬೇಡಿ.

* ಮೊಳಕೆ ಕಾಳು ಒಳ್ಳೆಯದೇ. ಬೆಚ್ಚಗಿನ ತೇವದಲ್ಲಿ ಮೊಳಕೆಯೊಡನೆ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ ಎಂಬುದನ್ನು ಮರೆಯಬೇಡಿ. ನಮ್ಮ ಮನೆಗಳ ಮೊಳಕೆ ಹುರುಳಿ ಸಾರಿನಂತೆ ಬೇಯಿಸಿ ತಿನ್ನುವುದು ಕ್ಷೇಮ. ಚಿಕ್ಕ ಮಕ್ಕಳು, ಬಸುರಿಯರು, ಮುದುಕರು ಹಸಿ ಮೊಳಕೆ ತಿನ್ನದಿರಲಿ.

* ಡಿಫ್ತೀರಿಯಾ ಲಸಿಕೆಯನ್ನು ತಪ್ಪಿಸಬೇಡಿ: ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಒಂದೂವರೆ ವರ್ಷದ ಸುಮಾರಿಗೆ, ಐದರಿಂದ ಆರು ವರ್ಷಕ್ಕೆ, ಮತ್ತೆ 10 ಹಾಗೂ 16ನೇ ವಯಸ್ಸಿಗೆ. ಆಂಟಿಬಯಾಟಿಕ್‌ಗೆ ಬಗ್ಗದ ರೋಗಾಣುವಿನ ವಿಷವನ್ನೂ ಲಸಿಕೆ ತಡೆಯುತ್ತದೆ.

* ಶೌಚದ ನಂತರ, ಅಡುಗೆಗೆ ಮುಂಚೆ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಬ್ಯಾಕ್ಟೀರಿಯಾ ಬಾಯಿಗೇ ಬಾರದಿದ್ದರೆ ಅದರ ಬಾಡಿಗೆದಾರನ ಗೊಡವೆಯೂ ನಮಗಿಲ್ಲ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಮಲಪರೀಕ್ಷೆಯಲ್ಲಿ ಶಿಗೆಲ್ಲಾ ಸಿಕ್ಕಿತು. ಅಜ್ಜಿ ಕೊಟ್ಟಿದ್ದ ಮಾತ್ರೆಗೆ ಅದು ಜಗ್ಗುವಂಥದ್ದಾಗಿರಲಿಲ್ಲ. ಮೊದಲ ದಿನವೇ ಶುರು ಮಾಡಿದ್ದ ಬೇರೆ ಔಷಧಕ್ಕೆ ಜಗ್ಗಿತು. ನಾಲ್ಕನೆಯ ದಿನ ಹುಡುಗ ನನ್ನ ಮೇಜಿನ ಮೇಲಿನ ಟಾರ್ಚಿಗೆ ಕೈಹಾಕುವಷ್ಟು ಗೆಲುವಾಗಿದ್ದ. ಹೊರಡುವಾಗ ಅಜ್ಜಿ ಸೆರಗಿನ ಗಂಟು ಬಿಚ್ಚಿ ಆ ಹಳೆಯ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟರು.

“ಇದನ್ನು ನೀವೇ ಇಟ್ಕೊಳ್ಳಿ ಡಾಕ್ಟ್ರೇ. ಮನೇಲಿದ್ರೆ ಯಾರಾದ್ರೂ ನುಂಗ್ತಾರೆ” ಎಂದರು.

ನಿಮ್ಮ ಮನೆಯ ಔಷಧದ ಡಬ್ಬಿಯಲ್ಲೂ ಅಂಥದ್ದೊಂದು ಸ್ಟ್ರಿಪ್ ಇದೆಯೇ? ಇಂದೇ ಒಮ್ಮೆ ನೋಡಿಬಿಡಿ.